ಪುರುಸೊತ್ತೇ ಇಲ್ಲ, ಬರೆಯುವುದು ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ವಿಷಯದ್ದು. ಕೆಲಸ, ಮನೆ, ಓಡಾಟ ಇದರ ನಡುವೆ ಬರೆಯುವುದಕ್ಕೋ ಬಾರಿಸುವುದಕ್ಕೋ ಹೊತ್ತು ಎಲ್ಲಿಂದ ತರುವುದು ಅಂತ. ನಾಲ್ಕು ಪತ್ರ ಆರಿಸಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಅಕ್ಕ, ನಾನು ಮಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಕಟಪಾಡಿಯಲ್ಲಿ. ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ವಾಪಸ್ ಮನೆ ಮುಟ್ಟುವಾಗ ಏಳೂವರೆ, ಕೆಲವು ದಿನ ಎಂಟು. ಮದುವೆಗೆ ಮೊದಲು ಕತೆ ಬರೆಯುತ್ತಿದ್ದೆ, ಕೆಲವು ಅಚ್ಚೂ ಆಗಿವೆ. ಈಗ ಮಗ ನಾಲ್ಕನೇ ಕ್ಲಾಸು. ಗಂಡ ಒಳ್ಳೆಯವರೇ, "ಭಾನುವಾರ ಬರಿ, ಬೇಡ ಅಂದವರು ಯಾರು?" ಅನ್ನುತ್ತಾರೆ. ಭಾನುವಾರ ಅಂದರೆ ಮೀನು, ಬಟ್ಟೆ, ಮತ್ತೆ ಯಾರದ್ದಾದರೂ ಗೃಹಪ್ರವೇಶ. ಕೆಲಸ ಬಿಟ್ಟುಬಿಡಲಾ ಅನಿಸುತ್ತಿದೆ.
— ಕಟಪಾಡಿಯಿಂದ

ಉತ್ತರ: ಬಿಡಬೇಡಿ. ಸಂಬಳದ ಮಾತು ಹಾಗಿರಲಿ. ಕೆಲಸ ಬಿಟ್ಟರೆ ಉಳಿಯುವ ಆ ಹತ್ತು ಗಂಟೆ ನಿಮ್ಮ ಕೈಗೆ ಬರುವುದಿಲ್ಲ. "ಹೇಗೂ ಮನೆಯಲ್ಲೇ ಇದ್ದಾಳಲ್ಲ" ಅಂತ ಗ್ಯಾಸ್ ಬುಕ್ಕಿಂಗಿನಿಂದ ಹಿಡಿದು ಅತ್ತೆಯ ಕಣ್ಣಿನ ಡಾಕ್ಟರವರೆಗೆ ಎಲ್ಲ ನಿಮ್ಮ ತಲೆಗೇ ಬರುತ್ತದೆ. ಆಮೇಲೆ ಕತೆಯೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ.

ನಮ್ಮ ಕಡೆ ಇಂಥ ಪ್ರಶ್ನೆ ಕೇಳಿದರೆ ತಕ್ಷಣ ಯಾರಾದರೂ ಮುದ್ದಣನ ಹೆಸರು ಎತ್ತುತ್ತಾರೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯ ಶಾಲೆಯಲ್ಲಿ ಡ್ರಿಲ್ ಮಾಸ್ಟರ್, ಮಕ್ಕಳಿಗೆ ಕವಾಯತು ಕಲಿಸುತ್ತಲೇ ಕಾವ್ಯ ಬರೆದವನು, ನಿಮಗೇನು ಕಷ್ಟ ಅಂತ. ಬರೆದದ್ದು ನಿಜ. ಆದರೆ ಅದೇ ಮುದ್ದಣ ಬಡತನದಲ್ಲಿ, ಕ್ಷಯ ಹಿಡಿದು 1901ರಲ್ಲಿ ತೀರಿಕೊಂಡಾಗ ಅವನಿಗೆ ಬರೀ 31 ವರ್ಷ. ಆ ಭಾಗವನ್ನು ಯಾರೂ ಹೇಳುವುದಿಲ್ಲ. ಅವನ ಹೆಸರು ಹಿಡಿದು ನಿಮ್ಮನ್ನು ಗದರಿಸುವವರು ಇದ್ದರೆ ಸುಮ್ನೆ ನಕ್ಕು ಆಚೆ ಹೋಗಿ.

ನನ್ನ ಪ್ರಕಾರ ನಿಮಗೆ ಕಮ್ಮಿಯಾಗಿರುವುದು ಪುರುಸೊತ್ತಲ್ಲ. ಬ್ಯಾಂಕಿನಲ್ಲಿ ಸ್ವಲ್ಪ ವಿಚಾರಿಸಿ ನೋಡಿ, ತಾಳಮದ್ದಳೆಯಲ್ಲಿ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು ಒಬ್ಬರಾದರೂ ಸಿಗುತ್ತಾರೆ. ಅವರಿಗೂ ಸಂಜೆ ಕ್ಯಾಶ್ ಟ್ಯಾಲಿ ಆಗಬೇಕು, ಅವರಿಗೂ ಅದೇ ಬಸ್ಸು. ಆದರೂ ಮಳೆಗಾಲದ ಒಂದು ಶನಿವಾರ ಸಂಜೆ ಯಾವುದೋ ದೇವಸ್ಥಾನದಲ್ಲಿ ಶಾಲು ಹೊದ್ದು ಸುಗ್ರೀವನಾಗಿ ಕೂತಿರುತ್ತಾರೆ. ಯಾಕೆ ಅಂದರೆ ಆಮಂತ್ರಣದಲ್ಲಿ ಹೆಸರು ಅಚ್ಚಾಗಿದೆ. ಎದುರು ವಾಲಿ ಬಂದು ಕೂತಾಗಿದೆ, ಭಾಗವತರು ಪದ ಎತ್ತಿಯಾಗಿದೆ, ಆಗ "ಈ ವಾರ ನನಗೆ ಆಗಲಿಲ್ಲ ಮಾರಾಯ್ರೇ" ಅನ್ನಲು ಬರುತ್ತದಾ? (ಅವರ ಮನೆಯಲ್ಲಿ ಮಗನ ಹೋಂವರ್ಕ್ ನೋಡುವವರು ಯಾರು ಅಂತಲೂ ಒಮ್ಮೆ ಕೇಳಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.) ಯಕ್ಷಗಾನಕ್ಕೆ ಸಂಘ ಇದೆ, ಭಜನೆಗೆ ಮಂಡಳಿ ಇದೆ, ನಾಟಕಕ್ಕೆ ತಂಡ ಇದೆ. ಕತೆ ಬರೆಯುವವರಿಗಾಗಿ ಮಾತ್ರ ಯಾರೂ ಕಾಯುತ್ತಾ ಕೂತಿರುವುದಿಲ್ಲ. ನೀವು ಬರೆಯದಿದ್ದರೆ ಗೊತ್ತಾಗುವುದು ನಿಮಗೊಬ್ಬರಿಗೇ, ಅಲ್ವಾ?

ಬ್ಯಾಂಕಿನವರಿಗೆ ಬ್ಯಾಂಕಿನ ಮಾತಲ್ಲೇ ಹೇಳುತ್ತೇನೆ. ದಿನಾ ಚೂರು ಚೂರು ಕಟ್ಟುವ ಪಿಗ್ಮಿ ಉಳಿತಾಯ ಹುಟ್ಟಿದ್ದು ನಮ್ಮ ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದವರು ದಿನಕ್ಕೆ ಎರಡಾಣೆಯ ಲೆಕ್ಕದಲ್ಲಿ ಶುರು ಮಾಡಿದ್ದು. ಎಲ್ಲರೂ ಆ ಎರಡಾಣೆಯನ್ನೇ ಹೊಗಳುತ್ತಾರೆ, ಹನಿಗೂಡಿದರೆ ಹಳ್ಳ ಅಂತೆಲ್ಲ. ನನಗೆ ದೊಡ್ಡದಾಗಿ ಕಾಣುವುದು ಏಜೆಂಟ್ ಬಾಗಿಲಿಗೇ ಬರುತ್ತಿದ್ದ ಎನ್ನುವುದು. ಬಂದವನನ್ನು ಬರಿಗೈಯಲ್ಲಿ ಕಳಿಸಲು ನಾಚಿಕೆ. ಅವನು ಬರದೇ ಹೋಗಿದ್ದರೆ ಆ ಎರಡಾಣೆ ಸಂಜೆ ಚಾ-ಬೀಡಿಗೆ ಹೋಗುತ್ತಿತ್ತು. ನಿಮಗೂ ಅಂಥ ಒಬ್ಬ ಏಜೆಂಟ್ ಬೇಕು.

ಕಾಲೇಜಿನ ಗೆಳತಿಯೋ, ಓದುವ ಅಭ್ಯಾಸ ಇರುವ ಸಹೋದ್ಯೋಗಿಯೋ, ಒಬ್ಬರನ್ನು ಹಿಡಿದು ಹೇಳಿ: ಪ್ರತಿ ಗುರುವಾರ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಪುಟ ಕಳಿಸುತ್ತೇನೆ, ಬರದಿದ್ದರೆ "ಎಲ್ಲಿ?" ಅಂತ ಕೇಳು, ಅಷ್ಟೇ ಸಾಕು. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಅವರು ಹೇಳಬೇಕಾಗಿಲ್ಲ, ಮೊದಮೊದಲು ಹೇಳದಿದ್ದರೇ ಒಳ್ಳೆಯದು. ಈ ಕೆಲಸ ಗಂಡನಿಗೆ ಕೊಡಬೇಡಿ. ಮನೆಯವರು "ಎಲ್ಲಿ?" ಅಂತ ಕೇಳಿದರೆ ನಮಗೆ ಅದು ಸಾಂಬಾರಿನ ವಿಚಾರಣೆಯ ಹಾಗೇ ಕೇಳಿಸುತ್ತದೆ.

ಗಂಡನಿಗೆ ಬೇರೆ ಕೆಲಸ ಇದೆ. ಬುಧವಾರ ರಾತ್ರಿ ಎಂಟರಿಂದ ಒಂಬತ್ತೂವರೆ ಅಂತ ಇಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಮಗನ ಹೋಂವರ್ಕ್, ಊಟ, ಪಾತ್ರೆ ಅವರದ್ದು. ನೀವು ಕೋಣೆಯೊಳಗೆ, ಬಾಗಿಲು ಹಾಕಿ. ಮೊದಲ ಕೆಲವು ವಾರ ಬಾಗಿಲು ತಟ್ಟುತ್ತಾರೆ, ಜೀರಿಗೆ ಡಬ್ಬ ಯಾವುದು ಅಂತ. ಏಳಬೇಡಿ, ಒಳಗಿಂದಲೇ ಹೇಳಿ. ಭಾನುವಾರ ಬೇಡವೇ ಬೇಡ. ನಮ್ಮ ಕರಾವಳಿಯಲ್ಲಿ ಭಾನುವಾರ ನಮ್ಮದಲ್ಲ, ಊರಿನದ್ದು. ದೇವಸ್ಥಾನದ ಬ್ರಹ್ಮಕಲಶ ಇಲ್ಲದಿದ್ದರೆ ದೈವದ ನೇಮ, ನೇಮ ಇಲ್ಲದಿದ್ದರೆ ಮದುವೆ ಹಾಲ್.

ಬಸ್ಸಿನಲ್ಲಿ ಬರೆಯಿರಿ ಅಂತ ಕೆಲವರು ಸಲಹೆ ಕೊಡುತ್ತಾರೆ, ಅವರು ಬೆಳಗಿನ ಎಕ್ಸ್‌ಪ್ರೆಸ್ಸಿನಲ್ಲಿ ಪಡುಬಿದ್ರಿ ದಾಟಿದವರಲ್ಲ. ಒಂದು ಕೈ ಕಂಬಿಗೆ, ಇನ್ನೊಂದು ಬ್ಯಾಗಿಗೆ, ಕಂಡಕ್ಟರ್ "ಹಿಂದೆ ಹೋಗಿ, ಹಿಂದೆ ಹೋಗಿ" ಅನ್ನುತ್ತಿರುವಾಗ ನಾಯಕಿಗೆ ದುಃಖ ಎಲ್ಲಿಂದ ಬರಬೇಕು? ಆದರೆ ಕೂಳೂರು ಸೇತುವೆ ಹತ್ತಿರ ಬಸ್ಸು ಅಲ್ಲಾಡದೆ ನಿಂತಾಗ ಒಂದು ಕೆಲಸ ಆಗುತ್ತದೆ. ಬುಧವಾರ ಯಾವ ವಾಕ್ಯದಿಂದ ಶುರು ಮಾಡುವುದು ಅಂತ ತೀರ್ಮಾನಿಸಬಹುದು. ಅಷ್ಟಾದರೆ ಕೋಣೆಯಲ್ಲಿ ಮೊದಲ ಅರ್ಧ ಗಂಟೆ ಹಾಳೆ ನೋಡುತ್ತಾ ಕೂರುವುದು ತಪ್ಪುತ್ತದೆ.

ಇನ್ನು ಕೌಂಟರ್ ಬಗ್ಗೆ. ನೀವು ಅದನ್ನು ಕತೆಯಿಂದ ನಿಮ್ಮನ್ನು ದೂರ ಇಟ್ಟಿರುವ ಜಾಗದ ಹಾಗೆ ಬರೆದಿದ್ದೀರಿ, ನನಗೆ ಹಾಗೆ ಕಾಣುವುದಿಲ್ಲ. ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರಾಗಿ ಶಾಲೆ ಶಾಲೆ ಸುತ್ತಿದವರು. ಅವರ ಮಕ್ಕಳ ಪದ್ಯಗಳಿಗೂ ಆ ಸುತ್ತಾಟಕ್ಕೂ ಸಂಬಂಧ ಇಲ್ಲ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನವೆಂಬರ್‌ನಲ್ಲಿ ಪೆನ್ಶನ್‌ನವರು ತಾವು ಬದುಕಿದ್ದೇವೆ ಅಂತ ತೋರಿಸಲು ಬ್ಯಾಂಕಿಗೆ ಬರುತ್ತಾರಲ್ಲ, ಬೀಡಿ ಕಟ್ಟಿ ಕಟ್ಟಿ ಸವೆದ ಹೆಬ್ಬೆಟ್ಟನ್ನು ಮೆಷಿನ್ ಹಿಡಿಯದೆ, ಅಜ್ಜಿ ಅದನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಮತ್ತೆ ಒತ್ತುವುದನ್ನು ನೀವು ನೋಡಿಯೇ ಇರುತ್ತೀರಿ. ಶಾಲೆ ಶುರುವಾಗುವ ಹೊತ್ತಿಗೆ ಕರಿಮಣಿ ಅಡವಿಡಲು ಬಂದವರು ತಕ್ಕಡಿ ಕಡೆ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುವುದನ್ನೂ. ಮನೆಯಲ್ಲಿ ಕೂತ ಕತೆಗಾರರಿಗೆ ಇದು ಸಿಗುವುದಿಲ್ಲ. ಗ್ರಾಹಕರ ಹೆಸರು, ಊರು, ಸಾಲದ ಲೆಕ್ಕ ಮಾತ್ರ ಕತೆಗೆ ಬರಕೂಡದು, ಗುರುತು ಸಿಗದ ಹಾಗೆ ಬದಲಾಯಿಸಿ. ಮಾರ್ಚ್ ತಿಂಗಳಿಗೆ ರಜೆ ಹಾಕಿ, ಕೆಲಸಕ್ಕಲ್ಲ, ಕತೆಗೆ. ಇಯರ್ ಎಂಡಿಂಗ್‌ನಲ್ಲಿ ಬರೆಯಲಾಗಲಿಲ್ಲ ಅಂತ ಕೊರಗುವುದು ದಂಡ.

ಪ್ರಶ್ನೆ: ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾಗಿದ್ದೇನೆ. ಕೆಲಸದಲ್ಲಿದ್ದಾಗ ಉತ್ತರಪತ್ರಿಕೆ ತಿದ್ದುವ ಗಡಿಬಿಡಿಯಲ್ಲೂ ಪ್ರತಿ ವರ್ಷ ಮಕ್ಕಳಿಗೆ ಒಂದು ನಾಟಕ ಬರೆಯುತ್ತಿದ್ದೆ. ಈಗ ದಿನವಿಡೀ ಬಿಡುವು. ಮಗ ಲ್ಯಾಪ್‌ಟಾಪ್ ತಂದುಕೊಟ್ಟಿದ್ದಾನೆ. ಒಂದು ಪುಟವೂ ಆಗುತ್ತಿಲ್ಲ. ನಾನು ಸೋಮಾರಿಯಾದೆನೇ?
— ಮೂಲ್ಕಿಯಿಂದ

ಉತ್ತರ: ಮಾಸ್ಟ್ರೇ, ಮೇಲಿನ ಪತ್ರದ ಪಕ್ಕ ನಿಮ್ಮದನ್ನು ಬೇಕೆಂದೇ ಹಾಕಿದ್ದೇನೆ. ಅವರಿಗೆ ಬಿಡುವಿಲ್ಲ, ನಿಮಗೆ ಬಿಡುವೇ ಬಿಡುವು, ಹಾಳೆ ಇಬ್ಬರದ್ದೂ ಖಾಲಿ. ನೀವು ಸೋಮಾರಿಯಲ್ಲ. ಆಗ ಸ್ಕೂಲ್ ಡೇಗೆ ತಾರೀಕು ನಿಗದಿಯಾಗಿತ್ತು, ಏಳನೇ ಕ್ಲಾಸಿನ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಇಣುಕಿ "ಸರ್, ನನ್ನ ಮಾತು ಬರೆದಾಯ್ತಾ?" ಅಂತ ಕೇಳುತ್ತಿದ್ದ. ಈಗ ಕೇಳುವವರಿಲ್ಲ. ಹಾಗಾಗಿ ಒಂದು ಕೆಲಸ ಮಾಡಿ: ಹತ್ತಿರದ ಯಾವುದಾದರೂ ಕನ್ನಡ ಶಾಲೆಗೆ ಹೋಗಿ, ಈ ವರ್ಷದ ನಾಟಕ ನಾನು ಬರೆದುಕೊಡುತ್ತೇನೆ ಅಂತ ಹೆಡ್‌ಮಾಸ್ಟರಿಗೆ ಹೇಳಿ ಬನ್ನಿ. ಬೇಡ ಅನ್ನುವ ಹೆಡ್‌ಮಾಸ್ಟರನ್ನು ನಾನಂತೂ ಕಂಡಿಲ್ಲ. ಮಕ್ಕಳು ಎಷ್ಟಿದ್ದಾರೆ, ಯಾರಿಗೆ ಹಾಡಲು ಬರುತ್ತದೆ ಅಂತ ಒಂದು ಸಲ ನೋಡಿಕೊಂಡು ಬಂದರೆ ರಾತ್ರಿಯೇ ಮೊದಲ ದೃಶ್ಯ ಬಂದೀತು. ಲ್ಯಾಪ್‌ಟಾಪನ್ನು ಮಗನಿಗೆ ಬೇಜಾರಾಗದ ಹಾಗೆ ಮೇಜಿನ ಮೇಲೆ ಇಟ್ಟಿರಿ, ಬರೆಯುವುದು ಹಳೆಯ ಪೆನ್ನಿನಲ್ಲೇ ಆಗಲಿ.

ಪ್ರಶ್ನೆ: ಅಕ್ಕ, ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ, ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದರ ಶಿಫ್ಟ್. ಚೆಂಡೆ ಕಲಿಯುವ ಆಸೆ. ಹವ್ಯಾಸಿ ಸಂಘದ ಕ್ಲಾಸುಗಳೆಲ್ಲ ಸಂಜೆ. ಫ್ಲಾಟಿನಲ್ಲಿ ಬಾರಿಸಿದರೆ ಅಕ್ಕಪಕ್ಕದವರು ಬಿಡುವುದಿಲ್ಲ. ಏನು ಮಾಡಲಿ?
— ಮಣಿಪಾಲದಿಂದ

ಉತ್ತರ: ಅಕ್ಕಪಕ್ಕದವರದ್ದು ತಪ್ಪಿಲ್ಲ. ಚೆಂಡೆ ಇರುವುದೇ ಗದ್ದೆಯಾಚೆಯ ಮನೆಯವರಿಗೂ ಯಕ್ಷಗಾನದ ಆಟ ಇದೆ ಅಂತ ಗೊತ್ತಾಗಲಿಕ್ಕೆ. ಕೈ ಕೂರುವವರೆಗೆ ಮರದ ಹಲಗೆಯ ಮೇಲೆ ಅಭ್ಯಾಸ ಮಾಡಬಹುದಾ ಅಂತ ಗುರುಗಳಲ್ಲಿ ಕೇಳಿ. ನಿಮ್ಮ ಶಿಫ್ಟಿಗೆ ಬೆಳಗಿನ ಕ್ಲಾಸೇ ಸರಿ. ಮೇಳದಲ್ಲಿರುವ ಚೆಂಡೆಯವರನ್ನು ಕೇಳುವುದಾದರೆ ಹೊತ್ತು ನೋಡಿ ಕೇಳಿ. ದೀಪಾವಳಿ ಕಳೆದು ಮೇಳ ಹೊರಟರೆ ಅವರಿಗೆ ರಾತ್ರಿ ಆಟ, ಬೆಳಿಗ್ಗೆ ನಿದ್ದೆ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಹೊತ್ತಿಗೆ, ಆ ವರ್ಷದ ಆಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಹಲವರು ಊರಲ್ಲೇ ಸಿಗುತ್ತಾರೆ. ಆಗ ಶುರು ಮಾಡಿ. ಎರಡು ವಾರ ಹೋಗಿ ಮೂರನೇ ವಾರ ತಪ್ಪಿಸುವ ಅಭ್ಯಾಸ ಇದ್ದರೆ ಮೂರು ತಿಂಗಳ ಫೀಸು ಮೊದಲೇ ಕೊಟ್ಟುಬಿಡಿ. ಮತ್ತೆ, ದಿನವಿಡೀ ಕೀಬೋರ್ಡ್ ಕುಟ್ಟುವ ಕೈ ನಿಮ್ಮದು. ಮಣಿಕಟ್ಟು ನೋಯಲು ಶುರುವಾದರೆ ಹಟ ಮಾಡಬೇಡಿ, ಗುರುಗಳಿಗೆ ಹೇಳಿ.

ಪ್ರಶ್ನೆ: ನನ್ನ ಹೆಂಡತಿಗೆ ಇತ್ತೀಚೆಗೆ ಚಿತ್ರ ಬಿಡಿಸುವ ಹುಚ್ಚು ಹತ್ತಿದೆ. ಸಂಜೆ ಆಫೀಸಿನಿಂದ ಬಂದವಳೇ ಬಣ್ಣ ಹಿಡಿದು ಕೂರುತ್ತಾಳೆ. ಊಟ ಹತ್ತು ಗಂಟೆಗೆ ಹೋಗುತ್ತಿದೆ. ನೀವಾದರೂ ಬುದ್ಧಿ ಹೇಳಿ. ನಾನು ಮನೆಗೆ ಬರುವುದು ಆರೂವರೆಗೆ.
— ಬಜ್ಪೆಯಿಂದ

ಉತ್ತರ: ಆರೂವರೆಗೆ ಬರುತ್ತೀರಲ್ಲ, ಒಳ್ಳೆಯದಾಯಿತು. ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ, ಏಳು ಗಂಟೆಗೇ ಒಲೆಗೆ ಇಡಿ. ಅದು ಬೇಯುವಷ್ಟರಲ್ಲಿ ಒಂದು ಚಟ್ನಿ ಅರೆಯಬಹುದು. ಬಣ್ಣ ಒಣಗುವವರೆಗೆ ಹಾಳೆಯನ್ನು ಮುಟ್ಟಬೇಡಿ.