ತೆಳು ಬಿಳಿ ಕಾಟನ್ ಶರ್ಟ್ ಹಾಕ್ಕೊಂಡ್ರೆ ಬಿಸಿಲಿನ ಯುವಿ (ನೇರಳಾತೀತ) ಕಿರಣದಿಂದ ಚರ್ಮಕ್ಕೆ ರಕ್ಷಣೆ ಸಿಗುತ್ತಾ?

ಸ್ವಲ್ಪ ಸಿಗುತ್ತೆ, ಆದ್ರೆ ನೀವು ಅಂದ್ಕೊಂಡಷ್ಟಲ್ಲ. ತುಂಬು ತೋಳು ಇದೆ, ಹಾಕ್ಕೊಂಡ್ರೆ ತಂಪಾಗೂ ಇದೆ, ಇಷ್ಟು ಸಾಲ್ದಾ ಅಂತ ಕೇಳಿದೀರಲ್ಲ, ಆ ತಂಪಿನಿಂದಾನೇ ತುಂಬ ಜನಕ್ಕೆ ತಪ್ಪು ಧೈರ್ಯ ಬರೋದು. ಸೆಖೆ ಬೇರೆ, ಯುವಿ ಬೇರೆ. ಯುವಿ ಮೈಗೆ ಬಿದ್ದಾಗ ಬಿಸಿ ಅಂತ ಗೊತ್ತೇ ಆಗಲ್ಲ.

ನಾನು ಬಟ್ಟೆ ಟೆಸ್ಟ್ ಮಾಡೋ ಲ್ಯಾಬಲ್ಲಿ ಕೆಲಸ ಮಾಡ್ತೀನಿ. ಬಟ್ಟೆ ಯುವಿಯನ್ನ ಎಷ್ಟು ತಡೆಯುತ್ತೆ ಅಂತ ಹೇಳೋಕೆ ಯುಪಿಎಫ್ ಅಂತ ಒಂದು ಅಳತೆ ಇದೆ, ಸನ್‌ಸ್ಕ್ರೀನ್‌ಗೆ ಎಸ್‌ಪಿಎಫ್ ಇದ್ದ ಹಾಗೆ, ಆದ್ರೆ ಎಸ್‌ಪಿಎಫ್ ಮುಖ್ಯವಾಗಿ ಯುವಿ-ಬಿ ಲೆಕ್ಕ, ಯುಪಿಎಫ್‌ನಲ್ಲಿ ಯುವಿ-ಎ, ಯುವಿ-ಬಿ ಅನ್ನೋ ಎರಡೂ ಬಗೆಯ ಯುವಿಯನ್ನ ಅಳೀತಾರೆ. ಯುಪಿಎಫ್ 50 ಅಂದ್ರೆ 50ರಲ್ಲಿ ಒಂದು ಪಾಲು, ಅಂದ್ರೆ 2% ಮಾತ್ರ ಒಳಗೆ ಹೋಗುತ್ತೆ. ನೀವು ಹೇಳೋ ಥರದ ತೆಳು ಬಿಳಿ ಕಾಟನ್ ಸಾಮಾನ್ಯವಾಗಿ 5ರಿಂದ 7ರ ಆಸುಪಾಸಲ್ಲಿ ಇರುತ್ತೆ, ಒದ್ದೆ ಆದ್ರೆ ಇನ್ನೂ ಕಮ್ಮಿ, ಯಾಕಂದ್ರೆ ಎಳೆಗಳ ನಡುವೆ ಗಾಳಿ ಇರೋ ಕಡೆ ನೀರು ತುಂಬ್ಕೊಂಡು ಬೆಳಕು ಚದುರದೆ ನೇರ ಒಳಗೆ ಹೋಗ್ಬಿಡುತ್ತೆ. ಒದ್ದೆ ಬಿಳಿ ಬಟ್ಟೆಯಲ್ಲಿ ಮೈ ಕಾಣೋದೂ ಇದಕ್ಕೇನೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯ ನೇಯ್ಗೆ. ಹಾಸು ಹೊಕ್ಕಿನ ನಡುವೆ ಉಳಿಯೋ ಸಣ್ಣ ಸಣ್ಣ ಕಂಡಿಗಳಿಂದ ಯುವಿ ಸೀದಾ ಬರುತ್ತೆ, ಅದನ್ನ ಯಾವ ಬಣ್ಣಾನೂ ತಡೆಯಲ್ಲ. ಲೆಕ್ಕ ಹಾಕಿ ನೋಡಿ, ಬಟ್ಟೆಯ 5% ಜಾಗ ಕಂಡಿ ಆಗಿದ್ರೆ, ನೂಲು ಒಂಚೂರೂ ಬಿಡದೇ ಇದ್ರೂ ಯುಪಿಎಫ್ 20 ದಾಟೋಕೆ ಸಾಧ್ಯಾನೇ ಇಲ್ಲ. ಡೆನಿಮ್ ಅಷ್ಟು ಚೆನ್ನಾಗಿ ತಡೆಯೋದು ಒತ್ತಾದ ನೇಯ್ಗೆ, ದಪ್ಪ, ಗಾಢ ಬಣ್ಣ ಮೂರೂ ಸೇರಿರೋದ್ರಿಂದ. ಮೈಗೆ ಬಿಗಿಯಾಗಿ ಎಳ್ಕೊಂಡಿರೋ ಟೀಶರ್ಟಲ್ಲಿ ಕಂಡಿ ಅಗಲ ಆಗುತ್ತೆ, ಅದಕ್ಕೇ ಸಡಿಲ ಬಟ್ಟೆ ಒಳ್ಳೇದು ಅನ್ನೋದು.

ಆಮೇಲೆ ನೂಲು. ಪಾಲಿಯೆಸ್ಟರ್ ನೂಲಿನ ರಚನೆಯಲ್ಲೇ ಬೆಂಜೀನ್ ಉಂಗುರ ಇರೋದ್ರಿಂದ ಅದು ಯುವಿ-ಬಿಯನ್ನ ತಾನೇ ಹೀರ್ಕೊಳ್ಳುತ್ತೆ. ಬ್ಲೀಚ್ ಮಾಡಿದ ಕಾಟನ್‌ಗೆ ಆ ಶಕ್ತಿ ಕಮ್ಮಿ, ಬ್ಲೀಚ್ ಮಾಡದ ಕಾಟನ್‌ಲ್ಲಿ ಸಹಜ ಬಣ್ಣದ ಅಂಶ ಉಳಿದಿರೋದ್ರಿಂದ ಅದೇ ವಾಸಿ. ಒಂದೇ ಬಟ್ಟೆಗೆ ಗಾಢ ಬಣ್ಣ ಹಾಕಿದ್ರೆ ಸಾಮಾನ್ಯವಾಗಿ ಯುಪಿಎಫ್ ಏರುತ್ತೆ. ಹೊಸ ಕಾಟನ್ ಮೊದಲ ಕೆಲವು ಒಗೆತದಲ್ಲಿ ಕುಗ್ಗಿ ಕಂಡಿ ಮುಚ್ಕೊಳ್ಳೋದ್ರಿಂದ ಇನ್ನೂ ಚೆನ್ನಾಗಿ ತಡೆಯುತ್ತೆ, ಆದ್ರೆ ಸವೆದು ಜಾಳುಜಾಳಾದ ಶರ್ಟನ್ನ ಬಿಸಿಲಿಗೆ ನೆಚ್ಕೋಬೇಡಿ.

ಮನೇಲೇ ನೋಡ್ಬೇಕಂದ್ರೆ ಬಟ್ಟೇನ ಲೈಟಿಗೆ ಹಿಡೀರಿ, ಚುಕ್ಕಿ ಚುಕ್ಕಿಯಾಗಿ ಬೆಳಕು ಕಾಣ್ತಿದ್ರೆ ಅಲ್ಲಿಂದ ಯುವೀನೂ ಬರುತ್ತೆ. ಕಾಣದೇ ಇದ್ರೆ ಪೂರ್ತಿ ಸೇಫ್ ಅಂತ ಅಲ್ಲ, ನೂಲಿನ ಒಳಗಿಂದ ಹೋಗೋದು ಕಣ್ಣಿಗೆ ಕಾಣಲ್ಲ, ಆದ್ರೂ ಕೆಟ್ಟದ್ದನ್ನ ಪಕ್ಕಕ್ಕಿಡೋಕೆ ಇಷ್ಟು ಸಾಕು. ದಿನಾ ಗಂಟೆಗಟ್ಲೆ ಹೊರಗಿರೋರಾದ್ರೆ ಲೇಬಲ್‌ನಲ್ಲಿ ಯುಪಿಎಫ್ 30ಕ್ಕಿಂತ ಮೇಲಿರೋದು ತಗೊಳ್ಳಿ, 50+ ಸಿಕ್ಕಿದ್ರೆ ಇನ್ನೂ ಒಳ್ಳೇದು. ಅದು ಬೇಡ ಅಂದ್ರೆ ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ಶರ್ಟ್ ನೋಡಿ, ಬೆವರಿಗೆ ನೆಂದ್ರೆ ಬದಲಾಯಿಸೋಕೆ ಇನ್ನೊಂದು ಇಟ್ಕೊಳ್ಳಿ. ಕುತ್ತಿಗೆ, ಕಿವಿ, ಕೈ ಹಿಂಭಾಗಕ್ಕಂತೂ ಸನ್‌ಸ್ಕ್ರೀನ್ ಹಚ್ಚಲೇಬೇಕು.