ಹ್ಯಾಮ್ ಟ್ರಾನ್ಸ್‌ಮಿಟರ್‌ನ ಪವರ್ ಸರಿಯಾಗಿ ಅಳೆಯುವುದು ಹೇಗೆ? ಮೂರು ಕಡೆ ಅಳೆದರೆ ಮೂರು ಲೆಕ್ಕ ಬರುತ್ತಿದೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. 7 ಮೆಗಾಹರ್ಟ್ಸ್‌ಗೆ ನೀವೇ ಕಟ್ಟಿದ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ಟು, ಕೊನೆಯ ಹಂತದಲ್ಲಿ (ಫೈನಲ್) ಎರಡು ಐಆರ್‌ಎಫ್510 ಟ್ರಾನ್ಸಿಸ್ಟರ್, ಪುಷ್-ಪುಲ್. ಡೈಪೋಲ್ ಆಂಟೆನಾಗೆ ಸೇರಿಸಿ ಕೀ ಒತ್ತಿದರೆ ನೀವೇ ಮಾಡಿಕೊಂಡ ಡಯೋಡ್ ಮೀಟರ್ 12 ವ್ಯಾಟ್ ಅನ್ನುತ್ತದೆ. ಗೆಳೆಯರ ಮನೆಗೆ ಒಯ್ದು ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಪವರ್ ನುಂಗುವ 50 ಓಮ್ ರೆಸಿಸ್ಟರ್) ಹಾಕಿದರೆ ಅವರ ಹಳೆಯ ಸಿಬಿ (ಸಿಟಿಜನ್ಸ್ ಬ್ಯಾಂಡ್ ರೇಡಿಯೋ) ಮೀಟರ್ 7 ಅನ್ನುತ್ತದೆ. ಅದೇ ಲೋಡ್ ಮೇಲೆ ಆಸಿಲೋಸ್ಕೋಪಿನ ಪ್ರೋಬ್ ಇಟ್ಟರೆ ಲೆಕ್ಕ 9.5ಕ್ಕೆ ಬರುತ್ತದೆ. ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್, ಧ್ವನಿ ಕಳಿಸುವ ವಿಧಾನ) ಮಾತಾಡಿದರೆ ಮೀಟರಿನ ಸೂಜಿ 3 ದಾಟುವುದೇ ಇಲ್ಲ. ಕೀ ಒತ್ತಿದಾಗ ಸಪ್ಲೈಯಿಂದ 13.8 ವೋಲ್ಟ್‌ಗೆ 1.4 ಆಂಪಿಯರ್ ಎಳೆಯುತ್ತದೆ, ಸುಮ್ಮನಿದ್ದಾಗ 0.2.

ಸದ್ಯಕ್ಕೆ ಸ್ಕೋಪನ್ನು ನಂಬಿ, ಅದೂ ಅರ್ಧ ವ್ಯಾಟ್ ಆಚೆ ಈಚೆ ಬಿಟ್ಟುಕೊಂಡು. ಯಾಕೆ ಅಂದರೆ, ಈ ಮೂರರಲ್ಲಿ ಒಂದೂ ಪವರ್ ಅಳೆದಿಲ್ಲ. ಡಯೋಡಿನ ತುದಿಯಲ್ಲೋ ಪ್ರೋಬಿನ ತುದಿಯಲ್ಲೋ ಒಂದು ವೋಲ್ಟೇಜ್ ನೋಡಿವೆ, 'ಎದುರಿಗಿರುವುದು 50 ಓಮ್' ಅಂತ ನಂಬಿವೆ, ಆ ನಂಬಿಕೆಯ ಮೇಲೆ ವ್ಯಾಟ್ ಅಂತ ಹೇಳಿವೆ. ಹಾಗಾಗಿ ಮೊದಲು ಪರೀಕ್ಷೆ ಮಾಡಬೇಕಾದದ್ದು ಮೀಟರನ್ನಲ್ಲ, ಆ 50 ಓಮನ್ನು.

ನಿಮ್ಮ 12 ವ್ಯಾಟ್ ಬಂದದ್ದು ಅಲ್ಲೇ ಇರಬೇಕು. ಡೈಪೋಲ್ ಒಳ್ಳೆಯ ಎತ್ತರದಲ್ಲಿದ್ದರೆ ಅದರ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 70 ಓಮ್ ಆಸುಪಾಸು, ಅದು ಕೇಬಲ್ಲಿನ ಈ ತುದಿಗೆ ಬರುವ ಹೊತ್ತಿಗೆ ಇನ್ನೇನೋ ಆಗಿರುತ್ತದೆ. ಮೀಟರ್ ಇರುವ ಜಾಗದಲ್ಲಿ 75 ಓಮ್ ಕಾಣುತ್ತಿದೆ ಅಂತ ಇಟ್ಟುಕೊಳ್ಳಿ. ಎಸ್‌ಡಬ್ಲ್ಯುಆರ್ (ಹೊಂದಾಣಿಕೆ ಎಷ್ಟು ತಪ್ಪಿದೆ ಎಂಬ ಅಳತೆ, 1 ಅಂದರೆ ಪೂರ್ತಿ ಸರಿ) 1.5 ಅಷ್ಟೇ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ವೋಲ್ಟೇಜಿನ ವರ್ಗವನ್ನು 75ರಿಂದ ಭಾಗಿಸಬೇಕಾದ ಕಡೆ ನಿಮ್ಮ ಮೀಟರ್ 50ರಿಂದ ಭಾಗಿಸುತ್ತದೆ. 8 ವ್ಯಾಟ್ ಹೋಗುತ್ತಿದ್ದರೆ 12 ಅಂತ ಓದುತ್ತದೆ. ಲೋಡ್ 25 ಓಮ್ ಆಗಿದ್ದಿದ್ದರೆ ಇದೇ ಮೀಟರ್ ಅರ್ಧದಷ್ಟೇ ತೋರಿಸಿ ನಿಮ್ಮನ್ನು ಚಿಂತೆಗೆ ಹಚ್ಚುತ್ತಿತ್ತು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಆ 1.4 ಆಂಪಿಯರ್. ಹೆಚ್ಚಿನವರು ಅದನ್ನು ಬರೆಯುವುದೇ ಇಲ್ಲ. ಸುಮ್ಮನಿದ್ದಾಗಿನ 0.2 ಕಳೆದರೆ 1.2 ಆಂಪಿಯರ್, ಅಂದರೆ ಫೈನಲ್‌ಗೆ ಹೋಗುತ್ತಿರುವುದು ಸುಮಾರು 16.6 ವ್ಯಾಟ್. ಅದರಲ್ಲಿ 12 ಹೊರಗೆ ಬರಬೇಕೆಂದರೆ ದಕ್ಷತೆ 72% ಆಗಬೇಕು. ಕ್ಲಾಸ್ ಬಿ ಆಂಪ್ಲಿಫೈಯರ್‌ಗೆ ಕಾಗದದ ಮೇಲಿನ ಗರಿಷ್ಠವೇ 78.5%. ಬಯಸ್ ಕೊಟ್ಟು ಲೀನಿಯರ್ ಆಗಿ ಓಡಿಸುತ್ತಿರುವ ಐಆರ್‌ಎಫ್510 ಜೋಡಿ, ಅದರ ಮುಂದೆ ಟ್ರಾನ್ಸ್‌ಫಾರ್ಮರ್ ಮತ್ತು ಫಿಲ್ಟರ್‌ನ ನಷ್ಟ, ಇಷ್ಟೆಲ್ಲ ಇಟ್ಟುಕೊಂಡು 72% ಬಂತು ಅಂದರೆ ನಾನಂತೂ ಒಪ್ಪಲ್ಲ. 9.5ಕ್ಕೆ 57% ಆಗುತ್ತದೆ, ಅದು ನಂಬುವಂಥ ಲೆಕ್ಕ. ಒಂದು ಮಾಮೂಲಿ ಮಲ್ಟಿಮೀಟರ್ ಇಟ್ಟುಕೊಂಡು ಒಂದು ಸುಳ್ಳನ್ನು ಹೊರಗೆ ಹಾಕಿದ ಹಾಗಾಯಿತು.

ಇನ್ನು ಗೆಳೆಯರ ಮೀಟರ್. ಸಿಬಿಗೆಂದು ಮಾಡಿದ್ದು 27 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡಲಿ ಅಂತ. ಅಗ್ಗದವುಗಳ ಒಳಗೆ ಬಿಚ್ಚಿ ನೋಡಿದರೆ ಮುಖ್ಯ ಲೈನಿನ ಪಕ್ಕದಲ್ಲಿ ಇನ್ನೊಂದು ತುಂಡು ಲೈನ್ ಓಡಿರುತ್ತದೆ. ಆ ತುಂಡಿಗೆ ಸಿಗುವ ವೋಲ್ಟೇಜ್ ಫ್ರೀಕ್ವೆನ್ಸಿಯ ಜೊತೆ ಏರುತ್ತದೆ, ಇಳಿಯುತ್ತದೆ. 27ರಲ್ಲಿ ಹೊಂದಿಸಿದ್ದನ್ನು 7ಕ್ಕೆ ತಂದರೆ ಕಡಿಮೆ ಓದುವುದೇ ಅದರ ಸ್ವಭಾವ. ಜೊತೆಗೆ, ಸೂಜಿ ಮೀಟರುಗಳ ನಿಖರತೆಯನ್ನು ಹೇಳುವುದು ಪೂರ್ತಿ ಸ್ಕೇಲಿನ ಶೇಕಡಾದಲ್ಲಿ. ಹ್ಯಾಮ್‌ಗಳು ಕಣ್ಣಿಗೆ ಒತ್ತಿಕೊಳ್ಳುವ ಬರ್ಡ್ 43 ವ್ಯಾಟ್‌ಮೀಟರ್ ಕೂಡ ±5%, ಅದೂ ಪೂರ್ತಿ ಸ್ಕೇಲಿನ ಮೇಲೆ. 100 ವ್ಯಾಟಿನ ಎಲಿಮೆಂಟ್ (ಅಳತೆಯ ವ್ಯಾಪ್ತಿ ಬದಲಿಸಲು ಮೀಟರಿಗೆ ಸಿಕ್ಕಿಸುವ ತುಂಡು) ಹಾಕಿ 10 ವ್ಯಾಟ್ ಅಳೆದರೆ ನಿಜ 5ರಿಂದ 15ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. ಬರ್ಡ್ ಇದೆ ಅಂತ ಬೀಗುವವರು ಕಡಿಮೆ ವ್ಯಾಟಿನ ಎಲಿಮೆಂಟ್ ಕೂಡ ಇಟ್ಟುಕೊಂಡಿರಲಿ.

ಸ್ಕೋಪಿನ 9.5 ಅಂದರೆ ಪೀಕ್-ಟು-ಪೀಕ್ ಸುಮಾರು 61.6 ವೋಲ್ಟ್ ಓದಿರುತ್ತೀರಿ (ಅದರ ವರ್ಗ ಭಾಗಿಸು 400). ವೋಲ್ಟೇಜಿನಲ್ಲಿ 3% ತಪ್ಪಿದ್ದರೆ ಪವರಿನಲ್ಲಿ 6%, ಏಕೆಂದರೆ ವರ್ಗ ಮಾಡುತ್ತೇವೆ. ನಾನು ಮೇಲೆ ಹೇಳಿದ ಅರ್ಧ ವ್ಯಾಟು ಇದೇ. ನಿಮ್ಮದು ಎಷ್ಟು ಮೆಗಾಹರ್ಟ್ಸ್‌ನ ಸ್ಕೋಪ್ ಅಂತ ಬರೆದಿಲ್ಲ. 100 ಆಗಿದ್ದರೆ ಸರಿ. ಹಳೆಯ 20 ಮೆಗಾಹರ್ಟ್ಸ್‌ನದಾಗಿದ್ದರೆ 7ರಲ್ಲೇ ಸುಮಾರು 11% ಪವರ್ ಕಡಿಮೆ ಓದುತ್ತದೆ, 20 ಮೆಗಾಹರ್ಟ್ಸ್‌ಗೆ ಹೋದರೆ ಅರ್ಧಕ್ಕೆ ಅರ್ಧ ನುಂಗಿಬಿಡುತ್ತದೆ. ಪ್ರೋಬ್ 10× ನಲ್ಲಿರಲಿ, ಸ್ಕೋಪಿನ ಚೌಕ ಅಲೆಗೆ ಹಿಡಿದು ಟ್ರಿಮ್ಮರ್ ತಿರುಗಿಸಿ ಸರಿಮಾಡಿಕೊಂಡಿರಿ, ಗ್ರೌಂಡ್ ವೈರ್ ಗಿಡ್ಡ ಇರಲಿ. ಪರದೆಯ ಮೇಲಿನ ಅಲೆ ನುಣ್ಣಗಿದೆಯೇ ಎಂದೂ ನೋಡಿ. ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಬರುವ ಬೇಡದ ಸಿಗ್ನಲ್) 20 ಡಿಬಿ (ಡೆಸಿಬೆಲ್) ಕೆಳಗಿದ್ದರೆ ಅದರ ಪವರ್ ಬರೀ 1%. ಆದರೆ ಅದರ ವೋಲ್ಟೇಜ್ 10%, ಶಿಖರದ ಮೇಲೆ ಹೋಗಿ ಕೂತರೆ ಪೀಕ್ ನೋಡಿ ಲೆಕ್ಕ ಹಾಕುವವನಿಗೆ 21% ಹೆಚ್ಚು ಕಾಣುತ್ತದೆ. ಲೋ-ಪಾಸ್ ಫಿಲ್ಟರ್ ಆದ ಮೇಲೆಯೇ ಅಳೆಯಿರಿ.

ಈಗ ನಾನು ಏನು ಮಾಡುತ್ತೇನೆ ಎಂದು ಹೇಳುತ್ತೇನೆ. 1 ಕಿಲೋಓಮ್, 2 ವ್ಯಾಟ್, 1% ಮೆಟಲ್ ಫಿಲ್ಮ್ ರೆಸಿಸ್ಟರ್ 20 ತಂದು ಎರಡು ತಾಮ್ರದ ತಗಡಿನ ನಡುವೆ ಸಮಾನಾಂತರವಾಗಿ ಬೆಸುಗೆ ಹಾಕಿದ್ದೇನೆ. 50 ಓಮ್, 40 ವ್ಯಾಟ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ ಅಂಗಡಿಯವರು ಒಮ್ಮೊಮ್ಮೆ 'ಸಾರ್, ಇದು ಒಂದೇ ಸಾಕು' ಅಂತ ದಪ್ಪನೆಯ ವೈರ್‌ವೌಂಡ್ ಕೈಗಿಡುತ್ತಾರೆ. ಬೇಡ, ಅದರೊಳಗೆ ಇರುವುದು ಸುರುಳಿ, ಆರ್‌ಎಫ್‌ಗೆ (ರೇಡಿಯೋ ಫ್ರೀಕ್ವೆನ್ಸಿಗೆ) ಅದು ಇಂಡಕ್ಟರ್. ಯಾರ ಬಳಿಯಾದರೂ ನ್ಯಾನೊವಿಎನ್‌ಎ (ಇಂಪೀಡೆನ್ಸ್ ಅಳೆಯುವ ಸಣ್ಣ ಉಪಕರಣ) ಇದ್ದರೆ ನಿಮ್ಮ ಲೋಡನ್ನು 7ರಲ್ಲಿ ಒಮ್ಮೆ ನೋಡಿಕೊಳ್ಳಿ.

ಆ ಲೋಡಿನ ಮೇಲೆ ಒಂದು 1ಎನ್4148 ಡಯೋಡ್, ಒಂದು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್, ಡಿಜಿಟಲ್ ಮಲ್ಟಿಮೀಟರ್ ಡಿಸಿಯಲ್ಲಿ. 10 ವ್ಯಾಟಿಗೆ ಪೀಕ್ 31.6 ವೋಲ್ಟ್. ಮೀಟರಿನಲ್ಲಿ 31.2 ಬಂದರೆ ಡಯೋಡಿನ ಬಾಬ್ತು 0.4 ಸೇರಿಸಿ, ವರ್ಗ ಮಾಡಿ, 100ರಿಂದ ಭಾಗಿಸಿ. ಡಯೋಡ್ ಎಷ್ಟು ತಿನ್ನುತ್ತದೆ ಎಂದು ಪುಸ್ತಕದ 0.6ನ್ನು ನಂಬಬೇಡಿ. ಮಲ್ಟಿಮೀಟರ್ ಎಳೆಯುವುದು ಕೆಲವೇ ಮೈಕ್ರೋಆಂಪಿಯರ್, ಹಾಗಾಗಿ ಕಡಿಮೆಯೇ ಇರುತ್ತದೆ. ಲೋಡಿಗೆ ಡಿಸಿ ಕೊಟ್ಟು ಡಯೋಡಿನ ಆಚೆ ಈಚೆ ಅಳೆದರೆ ಗೊತ್ತಾಗುತ್ತದೆ. 10 ವ್ಯಾಟಿನಲ್ಲಿ ಇದು ದೊಡ್ಡ ತಪ್ಪೇನಲ್ಲ, 100 ಮಿಲಿವ್ಯಾಟಿನಲ್ಲಿ ಮರ್ಯಾದೆ ತೆಗೆಯುತ್ತದೆ. ಇನ್ನೊಂದು ವಿಷಯ: ಈ ಡಯೋಡಿಗೆ ಪೀಕಿನ ಎರಡರಷ್ಟು ಉಲ್ಟಾ ವೋಲ್ಟೇಜ್ ಬೀಳುತ್ತದೆ. ಅದು ತಡೆಯುವುದು 75. ಹಾಗಾಗಿ 14 ವ್ಯಾಟಿನ ಹತ್ತಿರ ನಿಲ್ಲಿಸಿ.

ಇಷ್ಟಾದರೂ ಅಳೆದದ್ದು ವೋಲ್ಟೇಜನ್ನೇ. ನಿಜವಾಗಿ ಪವರ್ ಅಳೆಯಬೇಕೆಂದರೆ ಶಾಖ ಅಳೆಯಬೇಕು, ಮನೆಯಲ್ಲೇ ಆಗುತ್ತದೆ. ಲೋಡನ್ನು ಸುಮಾರು 100 ಮಿಲಿಲೀಟರ್ ಎಣ್ಣೆ ಇರುವ ಸಣ್ಣ ಡಬ್ಬಿಯಲ್ಲಿ ಮುಳುಗಿಸಿ. ಎಣ್ಣೆಯ ತಾಪ ಬರೆದುಕೊಳ್ಳಿ. 2 ನಿಮಿಷ ಕೀ ಒತ್ತಿ (ಫೈನಲ್‌ಗೆ ಒಂದು ಫ್ಯಾನ್ ಹಿಡಿದು), ಬಿಟ್ಟು, ಎಣ್ಣೆ ಕಲಕಿ, ಮತ್ತೆ ತಾಪ ನೋಡಿ. ಎಣ್ಣೆ ಮೊದಲಿನ ತಾಪಕ್ಕೆ ಇಳಿಯುವವರೆಗೆ ಕಾಫಿ ಕುಡಿದು ಬನ್ನಿ. ಈಗ ಅದೇ ಲೋಡಿಗೆ ಡಿಸಿ ಕೊಟ್ಟು ಮತ್ತೆ 2 ನಿಮಿಷ. ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಹಾಕಿದರೂ ಸಾಕು. ಡಿಸಿಯ ವೋಲ್ಟೇಜು, ಕರೆಂಟು ಎರಡನ್ನೂ ಮಲ್ಟಿಮೀಟರ್ ನೆಟ್ಟಗೆ ಹೇಳುತ್ತದೆ. ನನ್ನ ಸೆಟ್ಟಿನಲ್ಲಿ ಆರ್‌ಎಫ್‌ಗೆ 6.4 ಡಿಗ್ರಿ ಏರಿತ್ತು, 22 ವೋಲ್ಟ್ 0.44 ಆಂಪಿಯರ್‌ಗೆ, ಅಂದರೆ 9.7 ವ್ಯಾಟಿಗೆ, 6.8 ಏರಿತು. ತ್ರೈರಾಶಿ ಹಾಕಿದರೆ 9.1 ವ್ಯಾಟ್. ಎಣ್ಣೆ ಎಷ್ಟು ಗ್ರಾಂ, ಡಬ್ಬಿಯಿಂದ ಎಷ್ಟು ಶಾಖ ಸೋರಿತು ಎಂಬ ಗೊಡವೆಯೇ ಇಲ್ಲ, ಎರಡೂ ಸಲ ಅದೇ ಡಬ್ಬಿ, ಅದೇ ಸೋರಿಕೆ. ಹಾರ್ಮೋನಿಕ್ ಪೀಕನ್ನು ಉಬ್ಬಿಸಿದರೂ ಎಣ್ಣೆ ಮೋಸ ಹೋಗುವುದಿಲ್ಲ.

ಎರಡು ಕಡೆ ನಾನು ಎಡವಿದ್ದೇನೆ. ಕೀ ಒತ್ತಿರುವಾಗಲೇ ಥರ್ಮೋಕಪಲ್ ನೋಡಿದರೆ ಅದರ ವೈರಿಗೆ ಆರ್‌ಎಫ್ ಹೊಕ್ಕು 180, 300 ಅಂತ ಏನೇನೋ ಬಡಬಡಿಸುತ್ತದೆ. ಹಾಗಾಗಿ ಕೀ ಬಿಟ್ಟ ಮೇಲೆಯೇ ಓದಿ. ಇನ್ನೊಂದು ಹೇಳಲು ನಾಚಿಕೆ. ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದಿದ್ದೆ, ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ. ತಾಪ 24ರ ಹತ್ತಿರ ಬಂದು ಕದಲಲೇ ಇಲ್ಲ. ಫೈನಲ್ ಹೋಯಿತು ಅಂತ ಸೆಟ್ಟನ್ನೇ ಬಿಚ್ಚಿ ಕೂತೆ. ನನ್ನ ವ್ಯಾಟ್‌ಗಳೆಲ್ಲ ಹೆಪ್ಪುಗಟ್ಟಿದ ಎಣ್ಣೆ ಕರಗಿಸಲು ಹೋಗುತ್ತಿದ್ದವು. ಕಡಲೆಕಾಯಿ ಎಣ್ಣೆ ಹಾಕಿ.

ಹೀಗೆ ಒಮ್ಮೆ ಶಾಖದಿಂದ ಹೊಂದಿಸಿದ ಮೇಲೆ ಡಯೋಡ್ ಮೀಟರಿಗೆ ಒಂದು ತಿದ್ದುಪಡಿಯ ಚೀಟಿ ಅಂಟಿಸಿ, ದಿನನಿತ್ಯಕ್ಕೆ ಅದೇ ಸಾಕು. ಎಡಿ8307 (ಲಾಗ್ ಡಿಟೆಕ್ಟರ್ ಚಿಪ್) ಹಾಕಿದ ಮೀಟರ್ ತಗೊಳ್ಳಲೇ ಎಂದು ಕೇಳಿದ್ದೀರಿ. ಮಿಲಿವ್ಯಾಟಿನ ಕೆಳಗೆ ಅಳೆಯಲು ಅದು ಬಹಳ ಚೆನ್ನ, ಆದರೆ 10 ವ್ಯಾಟಿಗೆ ಮುಂದೆ 40 ಡಿಬಿ ಅಟೆನ್ಯುಯೇಟರ್ (ಪವರ್ ತಗ್ಗಿಸುವ ಸಾಧನ) ಬೇಕು, ಅದರಲ್ಲಿ ಅರ್ಧ ಡಿಬಿ ತಪ್ಪಿದರೆ 12% ಹೋಯಿತು. ಈಗಲೇ ಬೇಡ. ಅಂದಹಾಗೆ 7ಕ್ಕೂ 12ಕ್ಕೂ ಇರುವ ಅಂತರ 2.3 ಡಿಬಿ, ಒಂದು ಎಸ್ ಯೂನಿಟ್‌ನ (ರಿಸೀವರಿನ ಸಿಗ್ನಲ್ ಮೀಟರಿನ ಒಂದು ಹೆಜ್ಜೆ, 6 ಡಿಬಿ) ಅರ್ಧವೂ ಇಲ್ಲ. ಆ ಕಡೆ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಇಷ್ಟೆಲ್ಲ ಪಾಡು ಫಿಲ್ಟರೋ ಬಯಸೋ ಬದಲಿಸಿದಾಗ ಏರಿತೋ ಇಳಿಯಿತೋ ತಿಳಿಯಲು.

ಎಸ್‌ಎಸ್‌ಬಿಯ 3 ವ್ಯಾಟ್ ತಪ್ಪಲ್ಲ. ಮಾತಿನ ನಡುವೆ ಬರೀ ಖಾಲಿ ಜಾಗ, ಸೂಜಿ ನಿಧಾನ, ಅದು ತೋರಿಸುವುದು ಸರಾಸರಿಯಂಥದ್ದೇನೋ. ನಿಮಗೆ ಬೇಕಾದದ್ದು ಪಿಇಪಿ (ಮಾತಿನ ಶಿಖರದಲ್ಲಿನ ಪವರ್). ಸ್ಕೋಪನ್ನು ಡಮ್ಮಿ ಲೋಡಿಗೇ ಬಿಟ್ಟು ಮೈಕಿನಲ್ಲಿ 'ಒಂದು, ಎರಡು, ಮೂರು' ಅನ್ನಿ. ಕೀ ಒತ್ತಿದಾಗ ಕಂಡ 61.6 ವೋಲ್ಟಿನ ಎತ್ತರವನ್ನು ಮಾತಿನ ಶಿಖರಗಳು ಮುಟ್ಟುತ್ತಿದ್ದರೆ ನಿಮ್ಮ ಪಿಇಪಿ ಅದೇ 9.5. ಶಿಖರಗಳು ಚೂಪಾಗಿರಬೇಕು, ಕತ್ತರಿಸಿದ ಹಾಗೆ ಚಪ್ಪಟೆಯಾಗಿದ್ದರೆ ಮೈಕ್ ಗೇನ್ ಆಗಲೇ ಜಾಸ್ತಿಯಾಗಿದೆ. ಸೂಜಿ ಮೇಲೇರಲಿ ಎಂದು ಇನ್ನೂ ತಿರುಗಿಸಿದರೆ ಪವರ್ ಏರುವುದಿಲ್ಲ, ಪಕ್ಕದ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಿರುವವರ ಕೈಲಿ ಬೈಸಿಕೊಳ್ಳುತ್ತೀರಿ.