ಕಳಸೂಬಾಯಿ ಒಂದೇ ದಿನದಲ್ಲಿ ಆಗುತ್ತೆ, ಆದ್ರೆ ಇಳಿಯೋ ಟೈಮ್ ಬರ್ಕೊಂಡಿದೀರಾ?

ಭಾನುವಾರ ಠಾಣೆಯಿಂದ ಹೊರಟು ಕಳಸೂಬಾಯಿ (ಮಹಾರಾಷ್ಟ್ರದಲ್ಲೇ ಎತ್ತರದ ಬೆಟ್ಟ), ಭಂಡಾರದರಾ ಡ್ಯಾಮ್, ಸಾಂಧಣ್ ಕಣಿವೆ ಮೂರೂ ಮುಗಿಸಿ ರಾತ್ರಿ ಊಟಕ್ಕೆ ಮನೆ, ಜೊತೆಗೆ ಊರಿಂದ ಬಂದಿರೋ ಅತ್ತೆ ಮಾವ, ಯಾವುದು ಮೊದಲು ಅಂತ ಕೇಳಿದೀರಿ. ಅಯ್ಯೋ, 2017ರ ಆಗಸ್ಟ್‌ನಲ್ಲಿ ಹೆಚ್ಚುಕಮ್ಮಿ ಇದೇ ಪ್ಲಾನ್ ನನ್ನ ಎಕ್ಸೆಲ್ ಶೀಟಲ್ಲಿತ್ತು. ನಾನು, ಹೆಂಡತಿ, ಹಾಸನದಿಂದ ಬಂದಿದ್ದ ಅವಳ ತಮ್ಮ. (ನೀವು ನ್ಯಾಷನಲ್ ಪಾರ್ಕ್ ಅಂದಿದೀರಿ, ಅದು ಕಳಸೂಬಾಯಿ-ಹರಿಶ್ಚಂದ್ರಗಡ ಅಭಯಾರಣ್ಯ. ಮುಂಬೈಲಿ ಆಟೋದವನಿಗೆ ನ್ಯಾಷನಲ್ ಪಾರ್ಕ್ ಅಂದ್ರೆ ಸೀದಾ ಬೋರಿವಲಿಲಿರೋ ಸಂಜಯ್ ಗಾಂಧಿ ಪಾರ್ಕಿಗೆ ಬಿಡ್ತಾನೆ.)

ಬೆಳಗಿನ ಜಾವದ ಕಸಾರಾ ಲೋಕಲ್ ಟ್ರೈನ್ ಹಿಡಿದ್ವಿ, ಅಲ್ಲಿಂದ ಜೀಪಲ್ಲಿ ಘಾಟ್ ಹತ್ತಿ ಇಗತ್‌ಪುರಿ, ಘೋಟಿ ದಾಟಿ ಬಾರಿ ಅನ್ನೋ ಹಳ್ಳಿ, ಹತ್ತೋದು ಶುರುವಾಗೋದು ಅಲ್ಲಿಂದಲೇ. ಒಂದು ಮನೇಲಿ ಪೋಹಾ ತಿಂದು, ಎರಡೂವರೆಗೆ ಬರ್ತೀವಿ ಪಿಠ್ಲಾ ಭಾಕ್ರಿ (ಕಡಲೆಹಿಟ್ಟಿನ ಝುಣಕದಂಥದ್ದು, ಜೊತೆಗೆ ರೊಟ್ಟಿ) ಮಾಡಿಡಿ ಅಂತ ಹೇಳಿ ಒಂಬತ್ತಕ್ಕೆ ಹೊರಟ್ವಿ. ನನ್ನ ಭಾವಮೈದುನ, "ಭಾವ, ನಮ್ಮ ಮುಳ್ಳಯ್ಯನಗಿರಿ 1900 ಮೀಟರ್ ಮೇಲಿದೆ, ಇದು ಬರೀ 1646, ಏನ್ ಮಹಾ" ಅಂದ. ನನಗೂ ಹೌದಲ್ವಾ ಅನ್ನಿಸ್ತು. ಮುಳ್ಳಯ್ಯನಗಿರಿಗೆ ಗಾಡಿ ಹತ್ತಿರದವರೆಗೂ ಹೋಗುತ್ತೆ, ನಾವು ನಡೆಯೋದು ಕೊನೆ ಮೆಟ್ಟಿಲಷ್ಟೇ, ಇಲ್ಲಿ ಹೊಲದ ಬದುವಿಂದ ತುದಿವರೆಗೂ ಕಾಲೇ ಗತಿ ಅಂತ ಆಗ ಇಬ್ಬರಿಗೂ ಹೊಳೀಲಿಲ್ಲ.

ಆದ್ರೆ ನಿಜವಾದ ತಪ್ಪು ಅದಲ್ಲ. ನಿಜವಾದ ತಪ್ಪು ಶೀಟಿನ ಒಂದು ಸಾಲು: "ಹತ್ತೋದು 3 ಗಂಟೆ, ಇಳಿಯೋದು 1.5 ಗಂಟೆ". ಈ ಒಂದೂವರೆ ಎಲ್ಲಿಂದ ಬಂತು ಅಂತ ಇವತ್ತಿಗೂ ಗೊತ್ತಿಲ್ಲ, ಇಳಿಜಾರಲ್ವಾ ಅರ್ಧ ಸಾಕು ಅಂತ ಹಾಕಿದ್ದೆ ಅಷ್ಟೇ. ಮಳೆಗಾಲದಲ್ಲಿ ಸಹ್ಯಾದ್ರಿ ಬಂಡೆ ಸೋಪು ಹಚ್ಚಿದ ಹಾಗಿರುತ್ತೆ, ಹತ್ತುವಾಗ ದಮ್ಮು ಹೋಗುತ್ತೆ ಆದ್ರೆ ಕಾಲು ಹಿಡಿತ ಬಿಡಲ್ಲ, ಇಳಿಯುವಾಗ ಒಂದೊಂದು ಹೆಜ್ಜೆಗೂ ತೊಡೆನೇ ಬ್ರೇಕ್ ಆಗಬೇಕು, ಗಂಟೆಗಟ್ಟಲೆ ಬ್ರೇಕ್ ಒತ್ತಿದ್ರೆ ಮಂಡಿ ಗಡಗಡ ಅನ್ನುತ್ತೆ. ಮೇಲೆ ಕಬ್ಬಿಣದ ಏಣಿಗಳು, ಭಾನುವಾರ ಅಂದ್ರೆ ಹತ್ತೋರು ಇಳಿಯೋರು ಎಲ್ಲಾ ಅದರಲ್ಲೇ. ಒಂದು ಏಣಿ ಮುಂದೆ ನಲವತ್ತು ನಿಮಿಷ ನಿಂತಿದ್ದೆ, ಕೈಯೆಲ್ಲಾ ತುಕ್ಕಿನ ವಾಸನೆ, ಪಕ್ಕದ ಬಂಡೆ ಸಂದಿಲಿ ಬೆರಳುಗುರಷ್ಟು ಏಡಿ ಒಂದು ಒಳಗೆ ಹೊರಗೆ ಮಾಡ್ತಿತ್ತು, ಅದನ್ನೇ ನೋಡ್ಕೊಂಡು. ಅಷ್ಟರಲ್ಲಿ ತಲೆ ಮೇಲೆ ಕೊಡ ಇಟ್ಕೊಂಡ ಅಜ್ಜಿ ಒಬ್ಬರು ಹವಾಯಿ ಚಪ್ಪಲಿಲಿ ನಮ್ಮನ್ನ ದಾಟಿ ಹೋದ್ರು, "ಸಾವಕಾಶ್" ಅಂತ ಬೇರೆ ಹೇಳಿ. ನಮ್ಮ ಧಾರವಾಡದ ಕಡೆದೇ ಪದ, ಮುಟ್ಟಿ ನೋಡ್ಕೊಳ್ಳೋ ಹಾಗಿತ್ತು.

ತುದಿ ಮುಟ್ಟಿದ್ದು ಒಂದೂವರೆಗೆ. ಪುಟ್ಟ ಗುಡಿ, ಸುತ್ತ ಬರೀ ಮಂಜು, ಅಲಂಗ್-ಮದನ್-ಕುಲಂಗ್ ಕೋಟೆ ಕಾಣುತ್ತೆ ಅಂದಿದ್ರು, ನಮಗೆ ಒಬ್ಬರ ಮುಖ ಒಬ್ಬರಿಗೆ ಕಂಡಿದ್ದೇ ಹೆಚ್ಚು. ಅಲ್ಲಿಗೇ ನನ್ನ ಶೀಟು ಸತ್ತಿತ್ತು, ಆದ್ರೂ ಒಂದೂವರೆ ಗಂಟೆಲಿ ಇಳೀತೀವಲ್ಲ ಅಂತ ನೆಮ್ಮದಿಯಾಗಿ ಮ್ಯಾಗಿ ತಿಂತಾ ಕೂತೆ. ಕೆಳಗೆ ಬಂದಿದ್ದು ಆರಕ್ಕೆ. ಶೇರ್ ಜೀಪು ಒಂದೂ ಇಲ್ಲ. ಹಾಲಿನ ಟೆಂಪೋದಲ್ಲಿ ಕ್ಯಾನುಗಳ ಮಧ್ಯೆ ಕೂತು ಘೋಟಿ, ಅಲ್ಲಿಂದ 2200 ರೂಪಾಯಿಗೆ ಒಂದು ಗಾಡಿ, ಘಾಟಲ್ಲಿ ಲಾರಿ ಕೆಟ್ಟು ಜಾಮು, ಕಸಾರಾ ಮುಟ್ಟೋ ಹೊತ್ತಿಗೆ ಕೊನೆ ಲೋಕಲ್ ಹೋಗಿತ್ತು. ಒದ್ದೆ ಬಟ್ಟೆಲಿ ಪ್ಲಾಟ್‌ಫಾರಂ ಬೆಂಚು. ಹೆಂಡತಿ ಜಗಳ ಆಡಿದ್ರೂ ಪರವಾಗಿರಲಿಲ್ಲ, ಒಂದು ಮಾತೂ ಆಡಲಿಲ್ಲ.

ಹಾಗಾಗಿ "ಯಾವುದು ಮೊದಲು" ಅನ್ನೋ ಪ್ರಶ್ನೆನೇ ಬಿಡಿ, ಯಾವುದನ್ನ ಕೈಬಿಡ್ತೀರಿ ಹೇಳಿ. ಸಾಂಧಣ್ ಅಂತೂ ಮಳೆಲಿ ಬೇಡವೇ ಬೇಡ, ಅದು ಬಂಡೆಗಳ ಮಧ್ಯದ ಸೀಳು, ನೀರು ಅಲ್ಲೇ ನುಗ್ಗೋದು. ಅತ್ತೆ ಮಾವ ಇದ್ದಾರೆ ಅಂದ್ರೆ ಕಳಸೂಬಾಯಿನೂ ಬೇಡ (ಮಾವ ದಿನಾ ವಾಕಿಂಗ್ ಮಾಡ್ತಾರೆ ಅಂತ ಬರೆದಿದೀರಿ, ವಾಕಿಂಗ್ ಟ್ರ್ಯಾಕಲ್ಲಿ ಏಣಿ ಇರಲ್ಲ ಸಾರ್). ಅವರನ್ನ ಕಾರಲ್ಲಿ ಭಂಡಾರದರಾಗೆ ಕರ್ಕೊಂಡು ಹೋಗಿ, ವಿಲ್ಸನ್ ಡ್ಯಾಮ್, ಪ್ರವರಾ ನದಿಯ ರಂಧಾ ಜಲಪಾತ, ಹೊತ್ತಿದ್ರೆ ರತನ್‌ವಾಡಿಯ ಅಮೃತೇಶ್ವರ ಗುಡಿ, ದಿನ ತುಂಬಿ ಹೋಗುತ್ತೆ.

ಬೆಟ್ಟಕ್ಕೆ ನೀವಿಬ್ಬರೇ ಇನ್ನೊಂದು ಸಲ ಹೋಗಿ, ಮಳೆ ನಿಂತ ಮೇಲೆ, ಸೋನಕಿ ಹೂವು ಹಳದಿಯಾಗಿ ಹಾಸಿರುವಾಗ, ರಜೆ ಹಾಕಿ ವಾರದ ಮಧ್ಯೆ. ಹನ್ನೆರಡಕ್ಕೆ ಎಲ್ಲಿದ್ರೂ ವಾಪಸ್, ತುದಿ ಕಾಣ್ತಿದ್ರೂ ವಾಪಸ್. ಜೀಪಿನವರಿಗೆ ಬೆಳಗ್ಗೆ ಪೂರ್ತಿ ದುಡ್ಡು ಕೊಡಬೇಡಿ, ಅರ್ಧ ಕೊಟ್ಟು ಫೋನ್ ನಂಬರ್ ಇಸ್ಕೊಳ್ಳಿ. ಊಟಕ್ಕೆ ಬಾರಿಲೇ ಹೇಳಿ ಹೋಗಿ, ಎರಡೂವರೆಗೆ ಅಂದವರು ನಾವು ಆರಕ್ಕೆ ಹೋದ್ರೂ ಆ ಮನೆಯವರು ಗೊಣಗದೆ ಒಲೆ ಹಚ್ಚಿ ಬಿಸಿ ಭಾಕ್ರಿ ತಟ್ಟಿ ಕೊಟ್ರು, ಇಡೀ ದಿನದಲ್ಲಿ ಹೆಂಡತಿ ನಕ್ಕಿದ್ದು ಅದೊಂದೇ ಸಲ.